ಎರೆಹೊಲದ ದಾರಿಗೆ ಟೈರು ಆರಿಸಿದ್ದು

ಕುಂದಗೋಳದಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಹೊಲ ಇರುವುದು ಯರಗುಪ್ಪಿಯಲ್ಲಿ, ಕಪ್ಪು ಎರೆಮಣ್ಣಿನದು. ಅಂಗಡಿಯಿಂದ ಹೊಲಕ್ಕೆ ಹೋಗಿ ಬರಲು ಇಪ್ಪತ್ತು ವರ್ಷ ನನಗೆ ಒಂದು ಮೋಟರ್ ಸೈಕಲ್ ಸಾಕಾಗಿತ್ತು. ವಯಸ್ಸು ಐವತ್ತರ ಹತ್ತಿರ ಬಂದಾಗ, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಎತ್ತರದ ಗಾಡಿ ಬೇಕು ಅನ್ನಿಸಿತು. ಬೆನ್ನು ನೋಯುತ್ತದೆ ಎಂದು ಹೆಂಡತಿಗೆ ಹೇಳಿದೆ. ಬೆನ್ನು ನೋಯುತ್ತಿದ್ದದ್ದು ನಿಜ. ಆದರೆ ಬೆನ್ನುನೋವಿಗೆ ಯಾರೂ ಅಂಥ ಗಾಡಿ ಕೊಳ್ಳುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಅಂಗಡಿಯ ಮುಂದೆ ಗಾಡಿ ನಿಂತಾಗ ಗಿರಾಕಿಗಳು ಸುತ್ತು ಹಾಕಿ ನೋಡುವುದು ನನಗೆ ಬೇಕಾಗಿತ್ತು.

ಗಾಡಿ ಬಂದ ಆರು ತಿಂಗಳಿಗೆ ಕಂಪನಿ ಕೊಟ್ಟ ಟೈರುಗಳು ನನ್ನ ಕಣ್ಣಿಗೆ ಸಪ್ಪೆ ಕಾಣತೊಡಗಿದವು. ನನ್ನ ಹೆಂಡತಿಯ ತಮ್ಮ ಹೈಸ್ಕೂಲಿನಲ್ಲಿ ಮಾಸ್ತರ. ಅವನು ರಜೆಗೆ ಬಂದಾಗಲೆಲ್ಲ ಮೊಬೈಲಿನಲ್ಲಿ ಗಾಡಿಗಳ ವಿಡಿಯೋ ತೋರಿಸುತ್ತಿದ್ದ. ಗುಡ್ಡ ಹತ್ತುವ, ಹೊಳೆ ದಾಟುವ ಗಾಡಿಗಳು. ಎಲ್ಲದಕ್ಕೂ ಅಗಲವಾದ, ಆಳ ಕಚ್ಚಿನ ಟೈರು. "ಮಾಮಾ, ಗಾಡಿ ಹುಲಿ ಐತಿ, ಕಾಲಿಗೆ ಮಾತ್ರ ಚಪ್ಪಲಿ ಹಾಕ್ಯಾರ ನೋಡ್ರಿ" ಎಂದ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಊರ ಹೊರಗಿನ ರಸ್ತೆಯಲ್ಲಿ ಒಬ್ಬರ ಟೈರಿನ ಅಂಗಡಿ ಇದೆ. ಅರವತ್ತು ದಾಟಿದ ಮುಸಲ್ಮಾನರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತದೆ. ಅವರ ತಂದೆ ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಕೂಡಿಸುತ್ತಿದ್ದರು. ಮಗ ರಬ್ಬರಿಗೆ ಬಂದರು. ನನ್ನ ಮೋಟರ್ ಸೈಕಲ್ಲಿನ ಪಂಕ್ಚರನ್ನೆಲ್ಲ ಇಷ್ಟು ವರ್ಷ ಅವರೇ ತೆಗೆದದ್ದು. ಹಾಗಾಗಿ ಮೊದಲು ಅಲ್ಲಿಗೇ ಹೋದೆವು, ನಾನು ಮತ್ತು ಹೆಂಡತಿಯ ತಮ್ಮ.

ಚಾಚಾ ಗಾಡಿಯನ್ನು ಒಂದು ಸುತ್ತು ಹಾಕಿ ಕೇಳಿದರು. "ಎಲ್ಲೆಲ್ಲಿ ಓಡಸ್ತೀರಿ ಸಾವ್ಕಾರ್ರ?"

"ಎಲ್ಲಾ ಕಡೆ. ಹೊಲಕ್ಕ, ಹಳ್ಳಕ್ಕ, ಕೆಸರಿಗೆ."

"ಹತ್ತು ದಿನದಾಗ ಕೆಸರಿಗೆ ಎಷ್ಟು ದಿನ?"

"ನಾಕೈದು ದಿನ ಆಗ್ತಾವ" ಎಂದೆ. ಸುಳ್ಳು. ಹತ್ತರಲ್ಲಿ ಎಂಟು ದಿನ ಗಾಡಿ ಅಂಗಡಿಯ ಮುಂದೆ ನಿಂತಿರುತ್ತಿತ್ತು, ಉಳಿದೆರಡು ದಿನ ಹುಬ್ಬಳ್ಳಿಗೆ ಹೋಗಿ ಬರುತ್ತಿತ್ತು.

ಅವರು ಒಳಗಿನಿಂದ ಒಂದು ಟೈರನ್ನು ಉರುಳಿಸಿಕೊಂಡು ಬಂದರು. ಎಲ್ಲ ದಾರಿಗೂ ಆಗುವಂಥದು, ಕಚ್ಚು ಅಷ್ಟು ಆಳವಿಲ್ಲ, ಅಗಲ ಕಂಪನಿ ಕೊಟ್ಟಷ್ಟೇ. "ಇದು ನಿಮಗ ಅಗದಿ ಬರೋಬರಿ ಆಗ್ತೈತ್ರಿ. ಡಾಂಬರ್ ಮ್ಯಾಲೂ ಗದ್ದಲಾ ಮಾಡಂಗಿಲ್ಲ, ಕಲ್ಲಿನ ದಾರ್ಯಾಗೂ ಬಾಜು ಹರಿಯಂಗಿಲ್ಲ."

ನಾನು ಮೊಬೈಲಿನಲ್ಲಿದ್ದ ಅಗಲದ ಟೈರು ತೋರಿಸಿದೆ. ಚಾಚಾ ಕನ್ನಡಕ ಹಣೆಗೇರಿಸಿ ನೋಡಿದರು.

"ಕಲಘಟಗಿ ಕಡೆ, ದುಮ್ಮವಾಡದ ಕಡೆ ಇದ್ದಿದ್ರ ನಾನ ಇವನ್ನ ಹಾಕ್ರಿ ಅಂತಿದ್ದೆ. ಅಲ್ಲಿ ಕೆಂಪು ಮಣ್ಣು, ಸಣ್ಣ ಕಲ್ಲಿನ ಗರಸು. ನಮ್ಮ ಎರಿಮಣ್ಣಾಗ ಎರಡು ಸುತ್ತು ತಿರುಗೂದ್ರಾಗ ಹೋಳಿಗ್ಯಾಗ ಹೂರ್ಣ ತುಂಬಿದಂಗ ಕಚ್ಚೆಲ್ಲಾ ತುಂಬತೈತಿ. ಆಮ್ಯಾಲೆ ದೊಡ್ಡ ಕಚ್ಚೂ ಒಂದ, ಬೋಳು ಟೈರೂ ಒಂದ."

"ಹಂಗಾರ ಮಳ್ಯಾಗ ಹೊಲಕ್ಕ ಹೋಗಾಕ ಯಾವ ಟೈರು ಹಾಕಬೇಕು?"

"ಯಾವುದೂ ಹಾಕಬ್ಯಾಡ್ರಿ. ಮಳಿ ನಿಂತು ಹೊಳವು ಆಗೂತನಾ ಮನ್ಯಾಗ ಕುಂದರ್ರಿ."

ಹೆಂಡತಿಯ ತಮ್ಮ ನಕ್ಕುಬಿಟ್ಟ. ಅವನ ಮುಂದೆ ನಾನು ಸಣ್ಣವನಾದೆ ಅನ್ನಿಸಿತು. "ಚಾಚಾ, ನೀವು ಟ್ರ್ಯಾಕ್ಟರ್ ಟೈರು, ಟಂಟಂ ಟೈರು ನೋಡಿದವರು. ಇದು ಬ್ಯಾರೆ ಲೆಕ್ಕ. ನಿಮಗ ತಿಳಿಯಂಗಿಲ್ಲ ಬಿಡ್ರಿ" ಎಂದೆ.

"ಇರಬೌದ್ರಿ" ಎಂದರು. ಅಷ್ಟರಲ್ಲಿ ಅವರು ನಮಗೆಂದು ಹೇಳಿಕಳಿಸಿದ್ದ ಚಹಾ ಬಂತು. ಕುಡಿದು ಎದ್ದೆವು.

ಹುಬ್ಬಳ್ಳಿಯ ಅಂಗಡಿ ಬೇರೆಯ ತರಹದ್ದು. ತಣ್ಣನೆಯ ಕೋಣೆ, ಗೋಡೆಗೆ ತೂಗು ಹಾಕಿದ ಟೈರುಗಳು, ಒಂದೊಂದರ ಮೇಲೂ ಪುಟ್ಟ ದೀಪ. ಅಲ್ಲಿ ಯಾರೂ ನನ್ನನ್ನು ಎಲ್ಲಿ ಓಡಿಸುತ್ತೀರಿ ಎಂದು ಕೇಳಲಿಲ್ಲ. ಅತಿ ಅಗಲದ್ದನ್ನು, ಅತಿ ಆಳ ಕಚ್ಚಿನದನ್ನು ಆರಿಸಿದೆ. ಟೈರಿನ ಬದಿಗೆ ಬಿಳಿ ಅಕ್ಷರಗಳಿದ್ದವು. ಅವು ಹೊರಮಗ್ಗುಲಿಗೇ ಬರಬೇಕೆಂದು ಎರಡು ಸಲ ಹೇಳಿದೆ. ಅಗಲದ ಟೈರುಗಳು ಸರಿಯಾಗಿ ಕೂರಲೆಂದು ಗಾಡಿಯನ್ನೂ ಒಂದಿಷ್ಟು ಎತ್ತರಿಸಿಕೊಟ್ಟರು. ಬರುವಾಗ ಡಾಂಬರಿನ ಮೇಲೆ ಟೈರು ಜೇನುಹುಳದಂತೆ ಗುಂಯ್‌ಗುಡುತ್ತಿತ್ತು. ಆ ಸದ್ದು ನನಗೆ ಹೆಮ್ಮೆ ತಂದಿತು.

ಮುಂಗಾರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಬಂತು. ಐದನೆಯ ದಿನ ಭಾನುವಾರ, ಮಳೆ ಜಿನುಗುತ್ತಿತ್ತು. ಹೆಂಡತಿಯ ತಮ್ಮ "ಇವತ್ತು ಟೈರು ಪರೀಕ್ಷಾ ಮಾಡೂಣು ನಡೀರಿ" ಎಂದ. ಯರಗುಪ್ಪಿಯ ಡಾಂಬರು ರಸ್ತೆಯಿಂದ ನಮ್ಮ ಹೊಲಕ್ಕೆ ಒಂದು ಚಕ್ಕಡಿ ದಾರಿ ಇದೆ. ಇಪ್ಪತ್ತು ಇಪ್ಪತ್ತೈದು ಮನೆತನಗಳ ಹೊಲಕ್ಕೆ ಅದೊಂದೇ ದಾರಿ. ಮಳೆ ನಿಂತು ದಾರಿ ಗಟ್ಟಿಯಾಗುವವರೆಗೆ ಯಾರೂ ಅದರಲ್ಲಿ ಚಕ್ಕಡಿ ಹೂಡುವುದಿಲ್ಲ, ಟ್ರ್ಯಾಕ್ಟರ್ ಇಳಿಸುವುದಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ನನ್ನ ಅಪ್ಪ ಕಾಯುತ್ತಿದ್ದ, ನಾನೂ ಇಷ್ಟು ವರ್ಷ ಕಾಯ್ದಿದ್ದೆ.

ಆ ದಿನ ಇಳಿಸಿದೆ. ಹೊಲಗಳಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ದಾರಿಯ ನಡುವೆ ಬರುವ ಬನ್ನಿಗಿಡದವರೆಗೆ ಗಾಡಿ ನುಗ್ಗಿತು. ಆಮೇಲೆ ಬಾಲ ಅಲ್ಲಾಡಿಸಿದ ಹಾಗೆ ಹಿಂಭಾಗ ಆ ಕಡೆ ಈ ಕಡೆ ಜಾರತೊಡಗಿತು. ಇಳಿದು ನೋಡಿದರೆ ಟೈರಿನ ಕಚ್ಚೇ ಕಾಣುತ್ತಿರಲಿಲ್ಲ, ನಾಲ್ಕು ಕರೀ ಗುಂಡುಗಳು. ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ, ಒಂದು ತಾಸು ಎಂಜಿನ್ ಒದರಿಸಿದೆ. ಗಾಲಿಗಳು ಮೊಣಕಾಲುದ್ದ ಮಣ್ಣು ತೋಡಿದವು. ಕೊನೆಗೆ ಹೇಗೋ ಹಿಮ್ಮುಖವಾಗಿ ಹೊರಗೆ ಬಂತು. ನಾವು ಕೇಕೆ ಹಾಕಿದೆವು. ಹೆಂಡತಿಯ ತಮ್ಮ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದ. ಹಾಡು ಕೂಡಿಸಿ ತನ್ನ ಗೆಳೆಯರಿಗೆ ಕಳಿಸಿದ, ನನಗೂ ಕಳಿಸಿದ. ರಾತ್ರಿ ಊಟದ ಹೊತ್ತಿಗೆ ನಾನು ಅದನ್ನು ನಾಲ್ಕು ಸಲ ನೋಡಿದ್ದೆ. ಹಿಂದೆ ಉಳಿದ ದಾರಿಯನ್ನು ತಿರುಗಿ ನೋಡಿದ ನೆನಪಿಲ್ಲ.

ಮಳೆ ಹೊಳವಾಯಿತು. ಬಿಸಿಲು ಬಿದ್ದ ಮೇಲೆ ಎರೆಮಣ್ಣು ಕಲ್ಲಾಗುತ್ತದೆ. ನನ್ನ ಗಾಡಿಯ ಗಾಲಿ ತೋಡಿದ ಕಾಲುವೆಗಳು ಅಂಚಿನ ಸಮೇತ ಹಾಗೆಯೇ ಗಟ್ಟಿಯಾದವು. ಊರಿನ ಚಹಾದಂಗಡಿಯಲ್ಲಿ ಜನ ಬಯ್ಯುತ್ತಿದ್ದರು. ಯಾವುದೋ ಊರಿನ ಟ್ರ್ಯಾಕ್ಟರಿನವನು ಬಂದು ದಾರಿ ಕೆಡಿಸಿ ಹೋಗಿದ್ದಾನೆಂದು ಅವರೇ ತೀರ್ಮಾನ ಮಾಡಿಕೊಂಡಿದ್ದರು. ಒಬ್ಬ ಹಿರಿಯರು ನನ್ನ ಕಡೆ ತಿರುಗಿ, "ನೋಡ್ರಿ ಸಾವ್ಕಾರ, ಎಂಥಾ ಮಂದಿ ಅದಾರ" ಎಂದರು. ನಾನು ಕಪ್ಪು ಕೆಳಗಿಟ್ಟು, "ಅಂಥವರನ್ನ ಹಿಡದು ದಂಡಾ ಹಾಕಬೇಕ್ರಿ" ಎಂದೆ. ಸುಮ್ಮನಿದ್ದರೂ ಆಗುತ್ತಿತ್ತು. ಯಾಕೆ ಅಂದೆನೋ ಇವತ್ತಿಗೂ ಗೊತ್ತಿಲ್ಲ. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹೆಸರುಕಾಯಿ ಬಿಡಿಸುವ ಕಾಲ ಬಂತು. ನಮ್ಮ ಹೊಲಕ್ಕೆ ಬರುತ್ತಿದ್ದ ಹೆಣ್ಣಾಳುಗಳಲ್ಲಿ ಐವತ್ತೈದರ ಒಬ್ಬ ಹೆಂಗಸು ಇದ್ದಳು. ಹದಿನೈದು ವರ್ಷದಿಂದ ನಮ್ಮಲ್ಲಿ ದುಡಿದವಳು. ಕೈ ಬಲು ಚುರುಕು. ನಾನು ಅಕ್ಕಾ ಎಂದೇ ಕರೆಯುತ್ತಿದ್ದೆ. ಆ ಮಧ್ಯಾಹ್ನ ಆಕೆ ಕಾಯಿಯ ಗಂಟನ್ನು ತಲೆಯ ಮೇಲೆ ಹೊತ್ತು ಬನ್ನಿಗಿಡ ದಾಟುತ್ತಿದ್ದಳು. ಉಳಿದವರು ಕಾಲುವೆ ದಾಟಿ ಹೋದರು. ಆಕೆಯ ಕಾಲು ಅಂಚಿಗೆ ಸಿಕ್ಕಿತು. ಗಂಟು ಬಿಡದೆ ಬಿದ್ದಳು, ಬಲಗೈ ಮಣಿಕಟ್ಟು ಕೆಳಗೆ ಸಿಕ್ಕಿಬಿದ್ದಿತು. ನಾನು ಡಾಂಬರು ರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಹೆಂಗಸರ ಕೂಗು ಕೇಳಿ ಓಡಿದೆ. ಮಣಿಕಟ್ಟು ಸೊಟ್ಟ ಚಮಚೆಯ ಹಾಗೆ ಬಾಗಿತ್ತು.

ಗಾಡಿಗೆ ಹತ್ತಿಸುವುದೇ ಕಷ್ಟವಾಯಿತು. ನಾನು ಎತ್ತರಿಸಿದ್ದ ಗಾಡಿ. ಒಂದು ಕೈಯಲ್ಲಿ ಮುರಿದ ಕೈ ಹಿಡಿದುಕೊಂಡವಳಿಗೆ ಹತ್ತಲು ಬರಲಿಲ್ಲ. ಇಬ್ಬರು ಹೆಂಗಸರು ಕಂಕುಳಿಗೆ ಕೈಕೊಟ್ಟು ಎತ್ತಿದರು. ಆ ದಪ್ಪ ಟೈರುಗಳಿಗೆ ಮೆದುತನವೇ ಇರಲಿಲ್ಲ, ಹುಬ್ಬಳ್ಳಿಯವರೆಗೆ ರಸ್ತೆಯ ಒಂದೊಂದು ಕುಣಿಯೂ ಆಕೆಯ ಕೈಗೆ ಹೋಗಿ ಮುಟ್ಟುತ್ತಿತ್ತು. "ಯವ್ವಾ" ಎನ್ನುತ್ತಿದ್ದಳು. ಆಮೇಲೆ ನನ್ನನ್ನೇ ಸಮಾಧಾನ ಮಾಡುವವಳಂತೆ ಅಂದಳು. "ನನ್ನ ಕಣ್ಣ ಸರಿ ಇಲ್ಲೇನೋರಿ. ಎಲ್ಲಾರೂ ದಾಟಿ ಹ್ವಾದ್ರು, ನಾನೊಬ್ಬಾಕಿ ಬಿದ್ದೆ."

ಅವತ್ತು ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ನಾನು ಅಂದದ್ದು ಇಷ್ಟು: "ವಯಸ್ಸಾತಲ್ಲ ಅಕ್ಕಾ. ಒಮ್ಮೆ ಕಣ್ಣು ತೋರಿಸ್ಕೋ."

ಎಲುಬು ಕೂಡಿಸಿ ಪಟ್ಟಿ ಹಾಕಿದರು. ಆಸ್ಪತ್ರೆಯದನ್ನೆಲ್ಲ ನಾನೇ ನೋಡಿಕೊಂಡೆ. ಊರಿಗೆ ತಂದು ಬಿಟ್ಟಾಗ ಓಣಿಯ ಜನ ಗಾಡಿಯ ಸುತ್ತ ಸೇರಿದರು. "ಸಾವ್ಕಾರ್ರ ಗಾಡಿ ಇತ್ತಂತ ಆತು. ಇಲ್ಲಂದ್ರ ಏನ ಗತಿ" ಎಂದರು. ಹೇಗೆ ಬಿದ್ದಳು ಎಂದು ಕೇಳಿದವರಿಗೆಲ್ಲ ನಾನು, "ಕಣ್ಣು ಮಂಜಾಗ್ಯಾವಂತ" ಎಂದೆ. ಆಕೆಯದೇ ಮಾತನ್ನು ಆಕೆಯ ಓಣಿಯಲ್ಲಿ ಹಂಚಿದೆ.

ಚಳಿಗಾಲದಲ್ಲಿ ಗಿಡದಿಂದ ಮೆಣಸಿನಕಾಯಿ ಹರಿಯುವ ಕೆಲಸ ಶುರುವಾಯಿತು. ಆಳು ಕೂಡಿಸಿಕೊಂಡು ಬರುವ ಹೆಂಗಸು ತನ್ನ ಗುಂಪಿನೊಂದಿಗೆ ನಮ್ಮ ಹೊಲಕ್ಕೆ ಬಂದಳು. ಅಕ್ಕ ಇರಲಿಲ್ಲ. ಕೈ ಇನ್ನೂ ಕೂಡಿಲ್ಲವೇನೋ ಎಂದು ಕೇಳಿದೆ.

"ಕೈ ಕೂಡೇತ್ರಿ. ಕಣ್ಣ ಕಾಣಂಗಿಲ್ಲಲ್ರಿ ಆಕಿಗೆ. ಹಣ್ಣ ಯಾವುದು ಹಸರ ಯಾವುದು ತಿಳೀದಾಕಿನ್ನ ಕರಕೊಂಡ ಬಂದ್ರ ನೀವ ನನ್ನ ಬೈತೀರಿ. ನೀವ ಹೇಳಿದ್ರೆಲ್ರಿ?"

ನಾನು ಹೇಳಿದ್ದೆ. ನಿಜ. ಆ ದಿನ ಹೊಲದಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದೆ. ಹೆಂಡತಿ ಯಾಕೆ ಇಷ್ಟು ಬೇಗ ಎಂದರೆ ಹೊಟ್ಟೆ ಸರಿಯಿಲ್ಲ ಎಂದೆ. ಒಂದು ವಾರ ಕಳೆಯಿತು. ದಿನಾ ನಾಳೆ ಹೋಗಿ ಹೇಳೋಣ ಅಂದುಕೊಳ್ಳುವುದು, ಮರುದಿನ ಅಂಗಡಿಯಲ್ಲಿ ಕೆಲಸ ಹುಡುಕಿಕೊಳ್ಳುವುದು.

ಆ ನಡುವೆ ಒಂದು ಟೈರಿಗೆ ಮೊಳೆ ಹೊಕ್ಕಿತು. ಹುಬ್ಬಳ್ಳಿಯವರೆಗೆ ಹೋಗುವಂತಿರಲಿಲ್ಲ, ನಾಚಿಕೊಳ್ಳುತ್ತ ಚಾಚಾನ ಅಂಗಡಿಗೆ ಹೋದೆ. ಅವರು ಹಳೆಯದೇನನ್ನೂ ಎತ್ತಲಿಲ್ಲ. ಗಾಲಿ ಬಿಚ್ಚಿದರು. ವೇಗ ಹೆಚ್ಚಿದರೆ ಗಾಡಿ ಗಡಗಡ ನಡುಗುತ್ತದೆ, ಈ ಟೈರಿನ ಗುಣವೇ ಹಾಗೇನೋ ಎಂದು ನಾನು ಹೇಳಿದೆ. ಅವರು ಗಾಲಿಯ ಒಳಮೈ ನನ್ನ ಕಡೆ ತಿರುಗಿಸಿದರು. ಒಂದು ಬದಿಗೆ ಕರೀ ಮಣ್ಣಿನ ಗಡ್ಡೆ ಕಲ್ಲಾಗಿ ಅಂಟಿಕೊಂಡಿತ್ತು. ಹೊರಗಿನಿಂದ ಎಷ್ಟು ಸಲ ತೊಳೆಸಿದ್ದೆನೋ, ಒಳಗಿನದು ಹೋಗಿರಲಿಲ್ಲ.

"ಹಸಿ ಇದ್ದಾಗ ಎರಿಗೆ ಇಳಿಸಿದ್ರೇನ್ರಿ?" ಎಂದರು, ಉಳಿಯಿಂದ ಗಡ್ಡೆ ಕೀಳುತ್ತ.

ನಾನು ಅಲ್ಲಿಯ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಭಾನುವಾರದ ಮಳೆ, ಕಾಲುವೆ, ಅಕ್ಕನ ಕೈ, ಕಣ್ಣಿನ ಮಾತು. ಅವರು ನಿಧಾನವಾಗಿ ಗಾಲಿ ಕೂಡಿಸಿ, ನಟ್ಟು ಬಿಗಿದು, ಕೈ ಒರೆಸಿಕೊಂಡರು.

"ನನ್ನ ಮುಂದ ಯಾಕ ಹೇಳ್ತೀರಿ? ಬಿದ್ದಾಕಿ ನಾನಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ.

ಅಲ್ಲಿಂದ ನೇರ ಯರಗುಪ್ಪಿಗೆ ಹೋದೆ. ಗಾಡಿಯನ್ನು ಓಣಿಗೆ ಒಯ್ಯಲು ಮನಸ್ಸಾಗದೆ ಊರ ಬಾಗಿಲಿನ ಅಗಸಿಯಲ್ಲೇ ನಿಲ್ಲಿಸಿ ನಡೆದೆ. ಅಕ್ಕ ಕಟ್ಟೆಯ ಮೇಲೆ ಎಡಗೈಯಿಂದ ಜೋಳ ಹಸನು ಮಾಡುತ್ತಿದ್ದಳು. ಸಣ್ಣ ಸಣ್ಣ ಹರಳನ್ನು ಹೆಕ್ಕಿ ಬದಿಗೆ ಒಗೆಯುತ್ತಿದ್ದಳು. ಬಲಗೈ ಮಣಿಕಟ್ಟು ಕೂಡಿತ್ತು, ಆದರೆ ಸ್ವಲ್ಪ ಹೊರಳಿ ಕೂಡಿತ್ತು.

ನಿಂತುಕೊಂಡೇ ಹೇಳಿದೆ. "ಅಕ್ಕಾ, ಆ ದಾರಿ ಕೆಡಿಸಿದವ ನಾನು. ಟ್ರ್ಯಾಕ್ಟರ್ ಅಲ್ಲ. ನಿನ್ನ ಕಣ್ಣಿಂದೇನೂ ತಪ್ಪಿಲ್ಲ."

ಆಕೆ ಹರಳು ಹೆಕ್ಕುವುದನ್ನು ನಿಲ್ಲಿಸಿದಳು. ಮೊರ ಕೆಳಗಿಟ್ಟಳು.

"ಆಗ ಯಾಕ ಹೇಳಲಿಲ್ರಿ?"

"ಅಂಜಿದೆ."

"ಯಾರಿಗೆ?"

ಅಂಜುವಂಥವರು ಯಾರೂ ಇರಲಿಲ್ಲ.

"ನಾಕು ತಿಂಗಳಾತ್ರಿ, ದಿನಾ ಮುಂಜಾನೆದ್ದು ಸೂಜ್ಯಾಗ ದಾರಾ ಪೋಣಿಸಿ ಪೋಣಿಸಿ ನೋಡ್ತೇನಿ. ಪೋಣಿಸಾಕ ಬರ್ತೈತಿ. ಆದ್ರೂ ನನಗ ನನ್ನ ಕಣ್ಣಿನ ಮ್ಯಾಲ ನಂಬಿಕಿ ಬರವಲ್ದು" ಎಂದಳು. ಆಮೇಲೆ ದನಿ ಏರಿತು. "ಕೈ ಯಾರದಾದ್ರೂ ಮುರಿತೈತಿ, ಬಿಡ್ರಿ. ಕುರುಡಿ ಅನ್ನಿಸಿಕೊಂಡ ಮನ್ಯಾಗ ಕುಂತೇನಲ್ಲ, ಅದಕ್ಕೇನ ಮಾಡ್ತೀರಿ? ನನ್ನ ಮುಂದ ಹೇಳಿದ್ರ ಏನ ಬಂತು? ಅವ್ರ ಮುಂದ ಹೇಳ್ರಿ."

ಮರುದಿನ ಮುಂಜಾನೆ, ಆಳುಗಳು ಕೂಡುವ ಊರ ಮುಂದಿನ ಕಟ್ಟೆಗೆ ಹೋದೆ. ಹದಿನೈದು ಇಪ್ಪತ್ತು ಹೆಂಗಸರು ಬುತ್ತಿಗಂಟು ಹಿಡಿದು ನಿಂತಿದ್ದರು. ಅಕ್ಕನೂ ಬಂದು ದೂರ ನಿಂತಳು. ನಾನು ಆಳು ಕೂಡಿಸುವ ಹೆಂಗಸಿಗೆ, ದಾರಿ ಕೆಡಿಸಿದ್ದು ನನ್ನ ಗಾಡಿ, ಈಕೆಯ ಕಣ್ಣು ಚೆನ್ನಾಗಿವೆ ಎಂದು ಹೇಳಿದೆ.

ಆಕೆ ನಕ್ಕಳು. "ನಿಮ್ಮದು ದೊಡ್ಡ ಮನಸ ಬಿಡ್ರಿ ಸಾವ್ಕಾರ. ಆಕಿಗೆ ಕೂಲಿ ಸಿಗಲೆಂತ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ."

ಉಳಿದವರೂ ಹೌದೆಂದು ತಲೆಯಾಡಿಸಿದರು. ಒಂದು ಗಳಿಗೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹಗುರ ಅನ್ನಿಸಿತು. ಹೇಳಿದ್ದೂ ಆಯಿತು, ಮರ್ಯಾದೆಯೂ ಉಳಿಯಿತು. ಆಗ ಅಕ್ಕನ ಮುಖ ನೋಡಿದೆ. ಆಕೆ ಆಗಲೇ ಮನೆಯ ಕಡೆ ತಿರುಗಿದ್ದಳು.

"ನಿಂದ್ರು ಅಕ್ಕಾ" ಎಂದೆ. ಮೊಬೈಲ್ ತೆಗೆದು ಆ ವಿಡಿಯೋ ಹಚ್ಚಿ ಆಳು ಕೂಡಿಸುವವಳ ಕೈಗೆ ಕೊಟ್ಟೆ. ಹೆಂಗಸರು ಸುತ್ತ ಬಗ್ಗಿದರು. ಹಾಡು ಬಂತು, ಎಂಜಿನ್ನಿನ ಒದರಾಟ ಬಂತು. "ಇದು ನಮ್ಮ ಬನ್ನಿಗಿಡ ಅಲ್ಲೇನವಾ" ಎಂದು ಯಾರೋ ಅಂದರು. ಮಣ್ಣು ಹಾರುವುದನ್ನು, ಗಾಲಿ ತೋಡುವುದನ್ನು ಎಲ್ಲರೂ ನೋಡಿದರು. ಕೊನೆಯಲ್ಲಿ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಎರಡೂ ಕೈ ಎತ್ತಿ ಕೇಕೆ ಹಾಕುತ್ತೇನೆ. ಅಷ್ಟಕ್ಕೆ ವಿಡಿಯೋ ಮುಗಿಯುತ್ತದೆ. ಒಬ್ಬ ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಗಾಕತ್ತೀರಲ್ಲೋ ಯಪ್ಪಾ ಇದರಾಗ" ಎಂದಳು.

ಆಳು ಕೂಡಿಸುವವಳು ಮೊಬೈಲ್ ನನ್ನ ಕೈಗೆ ತಿರುಗಿ ಕೊಟ್ಟು, ಅಕ್ಕನಿಗೆ, "ನಾಳಿಂದ ಬಾರವಾ" ಎಂದಳು. ಆ ದಿನ ಅವರು ನಮ್ಮ ಹೊಲಕ್ಕೆ ಬರಬೇಕಾಗಿತ್ತು. ಬೇರೆಯವರ ಹೊಲಕ್ಕೆ ಹೋದರು. ಮರುದಿನವೂ ಬರಲಿಲ್ಲ. ನಾನೂ ಹೆಂಡತಿಯೂ ಹತ್ತು ದಿನ ಬಗ್ಗಿ ಮೆಣಸಿನಕಾಯಿ ಹರಿದೆವು. ಎಲ್ಲ ತಿಳಿದ ಮೇಲೆ ಹೆಂಡತಿ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಒಂದು ಸಾಲು ಮುಗಿಸಿ ಸೊಂಟ ನೆಟ್ಟಗೆ ಮಾಡುತ್ತ, "ನಿಮಗ ಬೆನ್ನ ನೋಯತೈತಿ ಅಂದಿದ್ರಿ" ಎಂದು ಮಾತ್ರ ಅಂದಳು. ಅರ್ಧ ಬೆಳೆ ಗಿಡದಲ್ಲೇ ಒಣಗಿತು. ಚಹಾದಂಗಡಿಗೂ ಸುದ್ದಿ ಮುಟ್ಟಿತು. ದಂಡ ಹಾಕಬೇಕು ಎಂದಿದ್ದೆನಲ್ಲ, ಆ ಹಿರಿಯರು ಅದನ್ನು ನೆನಪಿಸಿ ನನ್ನನ್ನು ಹಂಗಿಸಬಹುದಿತ್ತು. ಹಂಗಿಸಲಿಲ್ಲ, ಸರಿದು ಕೂತು ಜಾಗ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ದಾರಿಗೆ ಗರಸು ತರಿಸಿ ಬನ್ನಿಗಿಡದವರೆಗೆ ಹಾಕಿಸಿದೆ.

ಟೈರುಗಳನ್ನೂ ಬದಲಿಸಿದೆ. ಈ ಸಲ ಚಾಚಾ ಕೇಳಿದ್ದಕ್ಕೆಲ್ಲ ಇದ್ದದ್ದನ್ನೇ ಹೇಳಿದೆ. ಕೆಸರಿಗೆ ಎಷ್ಟು ದಿನ ಎಂದರೆ, ಒಂದು ದಿನವೂ ಇಲ್ಲ ಎಂದೆ. ಅವರು ತಲೆಯಾಡಿಸಿ, ಅಗಲ ಕಡಿಮೆಯ, ಸಣ್ಣ ಕಚ್ಚಿನ ನಾಲ್ಕು ಟೈರು ಹಾಕಿಕೊಟ್ಟರು. ಎತ್ತರಿಸಿದ್ದನ್ನೂ ಇಳಿಸಿದರು.

ಅಕ್ಕ ಮತ್ತೆ ನಮ್ಮ ಹೊಲಕ್ಕೆ ಬಂದಿಲ್ಲ. ಬೇರೆಯವರ ಹೊಲದಲ್ಲಿ ದುಡಿಯುತ್ತಾಳೆ. ಗುಂಪಿನವರು ಮರುವರ್ಷ ನಮ್ಮಲ್ಲಿಗೆ ಬಂದರು, ಆಕೆಯೊಬ್ಬಳನ್ನು ಬಿಟ್ಟು. ನಾನು ಕರೆಯಲೂ ಇಲ್ಲ. ಯಾವ ಬಾಯಿಂದ ಕರೆಯಲಿ?

ಮೊನ್ನೆ ಯರಗುಪ್ಪಿಯ ಬಸ್ ನಿಲ್ಲುವಲ್ಲಿ ಆಕೆ ಒಬ್ಬಳೇ ನಿಂತಿದ್ದಳು. ಬಿಸಿಲು ಜೋರಾಗಿತ್ತು. ಗಾಡಿ ನಿಲ್ಲಿಸಿ, ಕುಂದಗೋಳಕ್ಕಾದರೆ ಬಿಡುತ್ತೇನೆ ಎಂದೆ.

"ಬಸ್ ಬರ್ತೈತ್ರಿ" ಎಂದಳು.

ಕೈ ಹೇಗಿದೆ ಎಂದು ಕೇಳಿದೆ.

"ಭಾರ ಎತ್ತಾಕ ಬರಂಗಿಲ್ಲ. ರೊಟ್ಟಿ ಸೊಸಿ ಬಡಿತಾಳ" ಎಂದಳು. ಅದನ್ನು ದೂರಿನಂತೆ ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೇ. ನಾನು ಗಾಡಿ ಬದಿಗೆ ಹಚ್ಚಿ ಕೆಳಗಿಳಿದು ನಿಂತೆ. ಬಸ್ ಬಂತು. ಆಕೆ ಎಡಗೈಯಿಂದ ಕಂಬಿ ಹಿಡಿದು ಹತ್ತಿ, ಕಿಟಕಿಯ ಬದಿಗೆ ಕೂತು, ಮುಂದಕ್ಕೆ ನೋಡುತ್ತ ಹೋದಳು.